ಲಾಭದ ಜಾರು

ತಾನು ಹಿಡಿದ ಮೋಲಿಗೆ ಮೂರೇ ಕಾಲು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಹೇಳಿದ್ದು ಮೊಲದ ಮಾತು, ಮೋಲಿನ ಮಾತಲ್ಲ ಎಂದು ತಕರಾರು ತೆಗೆಯುವವರು ತುಸು ತಾಳಬೇಕು. ಮೊಲ ಓಡಿದರೆ ಒಂದೇ ಓಡುತ್ತದೆ. ರಸಾಯನಶಾಸ್ತ್ರದ ಮೋಲು ಓಡಿದರೆ ಆರರ ಮುಂದೆ ಇಪ್ಪತ್ತಮೂರು ಸೊನ್ನೆ ಹಾಕಿದಷ್ಟು ಕಣಗಳು ಒಟ್ಟಿಗೆ ಓಡುತ್ತವೆ. ಹಿಡಿಯುವವನ ಗತಿ ಏನಾಗಬೇಡ? ಅಂಥವನೊಬ್ಬನ ಕಥೆ ಇದು, ನಡೆದ ಕಥೆ. ಒಗ್ಗರಣೆ ಬಿದ್ದಿದ್ದರೆ ಸಾಸಿವೆಯಷ್ಟು. ಬೇಳೆ ಮಾತ್ರ ಅಪ್ಪಟ.

ಸಾವಿರದ ಒಂಬೈನೂರ ಎಪ್ಪತ್ತನೆಯ ಇಸವಿ. ಘಾಟ್ಕೋಪರಿನ ಒಂದು ಕಾಲೇಜಿನಲ್ಲಿ ಚಂದ್ರಾಮ ಡೆಮಾನ್‌ಸ್ಟ್ರೇಟರ್ ಆಗಿದ್ದ. ಬಿ.ಎಸ್ಸಿ. ಮುಗಿಸಿ, ಇಂಟರ್ ಸೈನ್ಸಿನ ಹುಡುಗರಿಗೆ ರಸಾಯನಶಾಸ್ತ್ರದ ಪ್ರಯೋಗ ಮಾಡಿ ತೋರಿಸುವುದು ಅವನ ಹೊಟ್ಟೆಪಾಡು. ಹೊಟ್ಟೆಪಾಡಿಗಿಂತ ಹೆಚ್ಚಿನದು ಗಂಟಲುಪಾಡು. ಸ್ಟೇಷನ್ನಿನ ಅನೌನ್ಸ್‌ಮೆಂಟು, ಕಾಲೇಜಿನ ಹಳೇ ಲಿಫ್ಟು ಎರಡನೇ ಮಹಡಿಯಲ್ಲಿ ನರಳುವುದು, ಬರ್ನರು ಹೊತ್ತುವ ಮುಂಚೆ ಬುಸುಗುಡುವುದು, ಎಲ್ಲವೂ ಆ ಗಂಟಲಲ್ಲಿ ವಾಸವಾಗಿದ್ದವು. ಆದರೆ ಅವನ ಮೇರುಕೃತಿ ಎಂದರೆ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಬಾಟ್ಲಿವಾಲಾ. ಪಾರ್ಸಿ ಮನುಷ್ಯ. ಹೆಸರೇ ಬಾಟ್ಲಿವಾಲಾ, ದಿನವಿಡೀ ಇರುವುದು ಬಾಟಲಿಗಳ ನಡುವೆ. ಈ ವಿಷಯದಲ್ಲಿ ಚಂದ್ರಾಮನಿಗೆ ದೇವರ ಮೇಲೆ ಹೊಟ್ಟೆಕಿಚ್ಚು. ತಾನು ಕಟ್ಟಬೇಕಾಗಿದ್ದ ಶ್ಲೇಷೆಯನ್ನು ಅವನು ಮೊದಲೇ ಕಟ್ಟಿ ಮುಗಿಸಿಬಿಟ್ಟಿದ್ದ. ಬಾಟ್ಲಿವಾಲಾ ಮಾತು ಶುರುಮಾಡುವ ಮೊದಲು ಬಿರಡೆ ಕಿತ್ತಂತೆ ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮನ್ನು ಚಂದ್ರಾಮ ಕೆಮ್ಮಿದರೆ ಬಾಟ್ಲಿವಾಲಾ ಅವರ ಹೆಂಡತಿಯೂ ಔಷಧಿ ಹುಡುಕಬೇಕು, ಹಾಗಿತ್ತು.

ಅದೇ ಪ್ರಯೋಗಶಾಲೆಯ ಅಟೆಂಡರ್ ಗದಿಗೆಪ್ಪ. ನಲವತ್ತೈದರ ಆಸುಪಾಸು, ಮೀಸೆ ಬಿಳಿ, ತೋಳು ಕಬ್ಬಿಣ. ಬಾಗಲಕೋಟೆಯ ಅಡತಿ ಅಂಗಡಿಗಳಲ್ಲಿ, ಧಾನ್ಯದ ದಲ್ಲಾಳಿಗಳ ಬಳಿ, ಇಪ್ಪತ್ತು ವರ್ಷ ಸೇರಿನಿಂದ ಜೋಳ ಅಳೆದವನು. ಕಿಲೋ ಬಂದು ಸೇರು ಹೋಯಿತು. ಸೇರು ಹೋದ ಮೇಲೆ ಗದಿಗೆಪ್ಪ ಮುಂಬಯಿ ಸೇರಿದ. ಎರಡು ವರ್ಷದಿಂದ ಇಲ್ಲಿ ಟೆಂಪರರಿ. ಆಂಟಾಪ್ ಹಿಲ್ಲಿನ ಒಂದೇ ಕೋಣೆಯ ಖೋಲಿಯಲ್ಲಿ ಊರಿನ ಏಳು ಮಂದಿಯ ಜೊತೆ ಸರದಿಯ ಮೇಲೆ ಮಲಗುತ್ತಿದ್ದ. ಪರ್ಮನೆಂಟ್ ಆದರೆ ಕಾಲೇಜಿನ ಹಿಂದೆ ಅಟೆಂಡರುಗಳಿಗಾಗಿಯೇ ಕಟ್ಟಿದ ಖೋಲಿ ಸಿಗುತ್ತದೆ. ಖೋಲಿ ಸಿಕ್ಕರೆ ಊರಿನಿಂದ ಹೆಂಡತಿ ಮಲ್ಲಕ್ಕನನ್ನು ಕರೆತರಬಹುದು. ಆ ಖೋಲಿಯ ಕಿಟಕಿಯನ್ನು ಅವನು ದಿನಕ್ಕೆ ನಾಲ್ಕು ಸಲ, ಕಸ ಚೆಲ್ಲುವ ನೆಪದಲ್ಲಿ, ನೋಡಿ ಬರುತ್ತಿದ್ದ.

ಆದರೆ ಅವನ ಮತ್ತು ಆ ಕಿಟಕಿಯ ನಡುವೆ ಒಂದು ಜಾರು ಅಡ್ಡ ಬಂದಿತ್ತು.

ವಿಷಯ ಹೀಗಿತ್ತು. ಇಂಟರ್ ಸೈನ್ಸಿನವರಿಗೆ ಒಂದು ಪ್ರಯೋಗ. ಗಟ್ಟಿ ಗಾಜಿನ ನಳಿಗೆಯಲ್ಲಿ ಒಂದು ಬಿಳಿಪುಡಿ ಹಾಕಿ, ಕೊಳವೆ ತೂರಿಸಿದ ಬಿರಡೆ ಬಿಗಿದು, ಕಾಯಿಸಬೇಕು. ಆಮ್ಲಜನಕ ಹೊರಡುತ್ತದೆ. ಅದನ್ನು ನೀರಿನ ತೊಟ್ಟಿಯಲ್ಲಿ ಬೋರಲಿಟ್ಟ ಜಾರುಗಳಲ್ಲಿ ಹಿಡಿಯಬೇಕು. ಹಾಗೆ ಹೊರಬಿದ್ದ ಕಣಗಳೆಷ್ಟು ಎಂದು ಎರಡು ದಾರಿಯಿಂದ ಎಣಿಸಬೇಕು. ಒಂದು ತೂಕದ ದಾರಿ: ಕಾಯಿಸುವ ಮುಂಚೆ ನಳಿಗೆ ತೂಗಿ, ಕಾಯಿಸಿದ ಮೇಲೆ ತೂಗಿದರೆ, ಕಡಿಮೆಯಾದ ತೂಕವೇ ಹೊರಬಿದ್ದ ಆಮ್ಲಜನಕ. ಇನ್ನೊಂದು ಜಾರಿನ ದಾರಿ: ಎಷ್ಟು ಜಾರು ತುಂಬಿತೋ ನೋಡಿದರಾಯಿತು. ಎರಡು ಲೆಕ್ಕವೂ ಕೂಡಬೇಕು. ಕೂಡುತ್ತಿರಲಿಲ್ಲ. ತಕ್ಕಡಿ ಐದು ಜಾರು ಎಂದರೆ ಲೆಕ್ಕದ ಹಾಳೆಯಲ್ಲಿ ನಾಲ್ಕೇ. ಪ್ರತಿ ತರಗತಿಯಲ್ಲೂ ಒಂದು ಜಾರು, ಅಂದರೆ ಆರರ ಮುಂದೆ ಇಪ್ಪತ್ತೊಂದು ಸೊನ್ನೆಯಷ್ಟು ಕಣಗಳು, ಎಲ್ಲಿಗೋ ಪರಾರಿ.

"ಬೂಚ್ ಲೀಕ್ ಕರ್ತಾ ಹೈ!" ಎಂದು ಬಾಟ್ಲಿವಾಲಾ ತೀರ್ಪು ಕೊಟ್ಟಿದ್ದರು. ಬೂಚು ಅಂದರೆ ಬಿರಡೆ. ಬಿರಡೆ ಬಿಗಿಯುವವನು ಯಾರು? ಗದಿಗೆಪ್ಪ. "ಗಡ್ಬಡಪ್ಪಾ, ಶನಿವಾರ್ ಕೋ ಮೈ ಖುದ್ ದೇಖೇಗಾ. ಏಕ್ ಜಾರ್ ಭೀ ಕಮ್ ಆಯಾ, ತೋ ಸೋಮ್ವಾರ್ ಸೇ ದೂಸರಾ ಆದ್ಮೀ." ಒಂದು ಜಾರು ಕಡಿಮೆ ಬಂದರೂ ಸೋಮವಾರದಿಂದ ಬೇರೆ ಆಳು.

ಗದಿಗೆಪ್ಪ ಎಂಬ ಹೆಸರು ಎರಡು ವರ್ಷದಲ್ಲಿ ಒಮ್ಮೆಯೂ ಆ ಪಾರ್ಸಿ ನಾಲಿಗೆಗೆ ಹತ್ತಿರಲಿಲ್ಲ. ಗಡ್ಬಡಪ್ಪ ಎಂದೇ ಕರೆಯುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ಚಂದ್ರಾಮ ಆ ಶನಿವಾರಕ್ಕೆ ಮುಂಚಿನ ಸೋಮವಾರ ಸುಮ್ಮನಿರಲಿಲ್ಲ. ಬಾಟ್ಲಿವಾಲಾ ಅವರ ಕೋಣೆಗೂ ಪ್ರಯೋಗಶಾಲೆಗೂ ನಡುವೆ ಇದ್ದದ್ದು ಪ್ಲೈವುಡ್ಡಿನ ಅರ್ಧ ಗೋಡೆ. ಸಾಹೇಬರು ಅದರ ಆಚೆಯಿಂದಲೇ ಕೂಗಿ ಅಪ್ಪಣೆ ಕೊಡುವುದು ವಾಡಿಕೆ. ಅಂದು ಸಾಹೇಬರು ಫೋರ್ಟಿನ ಕಡೆ ಮೀಟಿಂಗಿಗೆ ಹೋಗಿದ್ದರು. ಚಂದ್ರಾಮ ಮೆಲ್ಲಗೆ ಒಳಹೊಕ್ಕು, ಖಾಲಿ ಕುರ್ಚಿಯಲ್ಲಿ ಕೂತು, ಬಿರಡೆ ಕಿತ್ತಂತೆ ಕೆಮ್ಮಿದ.

"ಗದಿಗೆಪ್ಪಾ!"

"ಜೀ ಸಾಬ್!" ಆಚೆ ಕಡೆ ಬಕೆಟ್ ಕೆಳಗಿಟ್ಟ ಸದ್ದು.

"ಶನಿವಾರ್ ಕೋ ಖಾಲೀ ಜಾರ್ ಭರ್ನೇ ಸೇ ನಹೀ ಚಲೇಗಾ. ಅಂದರ್ ಕಿತ್ನಾ ಕಣ್ ಹೈ, ಗಿನ್ ಕೇ ಬೋಲ್ನಾ. ಸಮ್ಝಾ? ಏಕ್ ಏಕ್ ಗಿನ್ ಕೇ!"

ಆಚೆ ಕಡೆ ಪ್ಲೈವುಡ್ಡು ಒಮ್ಮೆ ಕಿರುಗುಟ್ಟಿತು. ಆಮೇಲೆ, "ಸಮ್ಝಾ, ಸಾಬ್."

ಚಂದ್ರಾಮ ಬಾಯಿಗೆ ಕರ್ಚೀಫು ತುರುಕಿಕೊಂಡು ಹಿಂದಿನ ಬಾಗಿಲಿನಿಂದ ಹೊರಬಿದ್ದ. ಗದಿಗೆಪ್ಪ ಜಾರಿನೊಳಗೆ ಕಣ್ಣಿಟ್ಟು ಒಂದು, ಎರಡು ಎಂದು ಎಣಿಸುವ ಚಿತ್ರವನ್ನು ಕಲ್ಪಿಸಿಕೊಂಡು ಕ್ಯಾಂಟೀನಿನಲ್ಲಿ ಒಬ್ಬನೇ ನಕ್ಕ. ಸಂಜೆಗೆ ನಿಜ ಹೇಳಿ ಚಹಾ ಕುಡಿಸುವ ಯೋಚನೆಯೂ ಇತ್ತು, ಪಾಪ.

ಆದರೆ ಸಂಜೆಗೆ ಮುಂಚೆಯೇ ಗದಿಗೆಪ್ಪ ಎದುರು ಬಂದು ನಿಂತ. ಟೋಪಿ ಕೈಯಲ್ಲಿ.

"ಮಾಸ್ತರ, ನನಗ ಎಣಸೂದು ಕಲಸ್ರಿ."

"ಏನು ಎಣಸೂದು?"

"ಕಣಾ. ಸಾಹೇಬ್ರು ಹೇಳ್ಯಾರ. ಕಣದಾಗ ಹುಟ್ಟಿ ಬೆಳದಾಂವ ಖರೆ, ಆದ್ರ ಆ ಕಣಾ ಬ್ಯಾರೆ, ಈ ಕಣಾ ಬ್ಯಾರೆ." ಒಂದು ಗಳಿಗೆ ತಡೆದು ಹೇಳಿದ: "ಮಲ್ಲಕ್ಕಗ ಕಾಗದ ಬರಿಸೀನ್ರಿ, ಬರೂ ತಿಂಗಳ ಕರಸ್ಕೊಂತೀನಿ ಅಂತ."

ಚಂದ್ರಾಮನ ನಗೆ ಗಂಟಲಲ್ಲೇ ಕೂತಿತು. ಆ ಗಂಟಲಲ್ಲಿ ಮೊದಲೇ ಜಾಗ ಕಡಿಮೆ. ಈಗ 'ಅದು ನಾನೇ' ಎಂದರೆ ಈ ಮನುಷ್ಯನ ಮುಖ ಹೇಗಾದೀತು? ಹೇಳದಿದ್ದರೆ? ಹೇಳಲಿಲ್ಲ. ಸ್ಟೂಲು ಎಳೆದು, "ಕೂಡ್ರಿ" ಎಂದ.

ಹೀಗೆ ಪಾಠ ಶುರುವಾಯಿತು. ಮಂಗಳವಾರ, ಬುಧವಾರ, ಗುರುವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಕಲಿಸಲು ಕೂತ ಚಂದ್ರಾಮನಿಗೆ ಮೊದಲ ದಿನವೇ ಸೋಜಿಗ ಕಾದಿತ್ತು.

"ಒಂದು ಚೀಲ ಜ್ವಾಳದಾಗ ಎಷ್ಟು ಕಾಳು ಅದಾವು ಅಂತ ಯಾವ ಹುಚ್ಚ ಒಂದೊಂದ ಎಣಸ್ತಾನ್ರಿ?" ಎಂದ ಗದಿಗೆಪ್ಪ. "ಒಂದು ಸೇರಿನಾಗ ಎಷ್ಟು ಕಾಳು ಹಿಡಿತಾವು, ಒಮ್ಮೆ ಎಣಿಸಿ ಇಟ್ಕೊಂಡ್ರ ಆತು. ಮುಂದ ಎಣಸೂದು ಸೇರು, ಕಾಳಲ್ಲ."

"ಗದಿಗೆಪ್ಪ, ಮೋಲು ಅಂದ್ರ ಅದ! ಕಣದ ಸೇರು. ಆ ಸೇರಿನಾಗ ಆರರ ಮುಂದ ಇಪ್ಪತ್ತಮೂರು ಸೊನ್ನಿ ಹಾಕಿದಷ್ಟು ಕಣಾ ಹಿಡಿತಾವು. ಆಮ್ಲಜನಕ ಆದ್ರ ಒಂದು ಸೇರಿನ ತೂಕ ಮೂವತ್ತೆರಡು ಗ್ರಾಂ."

"ಯಾರು ಎಣಿಸಿದ್ರು ಮೊದಲಿನ ಸೇರು?"

"ನಾಕಾರು ಮಂದಿ ನಾಕಾರು ದಾರಿಲೆ ಲೆಕ್ಕಾ ಹಾಕಿದ್ರು. ಎಲ್ಲಾರದೂ ಅಲ್ಲೇ ಬಂದು ನಿಂತು."

"ಹಂಗಾದ್ರ ಖರೆ ಇರಬೇಕು. ನಾಕು ಮಂದಿ ಅಳದು ಒಂದ ಬಂದ್ರ ಅದು ಖರೆ." ಗದಿಗೆಪ್ಪ ಜಾರನ್ನು ಬೆಳಕಿಗೆ ಹಿಡಿದ. ಏನೂ ಕಾಣಲಿಲ್ಲ, ಆದರೂ ಸಮಾಧಾನದಿಂದ ತಲೆಯಾಡಿಸಿದ. "ಇದರಾಗ ಎಷ್ಟು?"

"ಮುಂಬಯಿ ಸೆಕಿಗೆ ಒಂದು ಮೋಲು ಗ್ಯಾಸು ಸುಮಾರು ಇಪ್ಪತ್ತೈದು ಲೀಟರ್ ಜಾಗಾ ಹಿಡಿತೈತಿ. ನಮ್ಮ ಜಾರು ಕಾಲು ಲೀಟರ್. ಅಂದ್ರ ನೂರು ಜಾರಿಗೆ ಒಂದು ಮೋಲು."

"ಅಂದ್ರ ಒಂದು ಜಾರಿಗೆ ಎರಡು ಸೊನ್ನಿ ಕಡಿಮಿ. ಆರರ ಮುಂದ ಇಪ್ಪತ್ತೊಂದು." ಗದಿಗೆಪ್ಪ ಬೆರಳು ಮಡಚಿ ಹೇಳಿದ. ಇದೇ ಭಾಗಾಕಾರಕ್ಕೆ ಇಂಟರ್ ಸೈನ್ಸಿನ ಹುಡುಗರು ಎರಡು ಹಾಳೆ ತುಂಬಿಸುತ್ತಿದ್ದರು. "ಬರೇ ಆಮ್ಲಜನಕಕ್ಕ ಈ ಲೆಕ್ಕೇನ್ರಿ, ಸಾದಾ ಗಾಳಿಗೂ ಇದ?"

"ಯಾವ ಗ್ಯಾಸಾದರೂ ಇದ. ಜಾರು ಅಷ್ಟ ಇದ್ದು, ಸೆಕಿ ಒತ್ತಡ ಅಷ್ಟ ಇದ್ರ, ಕಣಾನೂ ಅಷ್ಟ."

ಗದಿಗೆಪ್ಪ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. "ಸಜ್ಜಿ ಸೇರಿಗೂ ಶೇಂಗಾ ಸೇರಿಗೂ ಕಾಳಿನ ಲೆಕ್ಕಾ ಒಂದ ಅಂದಂಗಾತಲ್ರಿ!"

"ಕಾಳು ಒಂದಕ್ಕೊಂದು ಹತ್ತಿ ಕೂಡ್ರತಾವು. ಗ್ಯಾಸಿನಾಗ ಕಣಾ ದೂರ ದೂರ ಇರತಾವು, ಆರಾಮ ಓಡ್ಯಾಡಿಕೋತ. ದಪ್ಪ ಸಣ್ಣ ಲೆಕ್ಕಕ್ಕ ಬರೂದಿಲ್ಲ."

"ಪುಣ್ಯಾ ಮಾಡ್ಯಾವು. ನಮ್ಮ ಆಂಟಾಪ್ ಹಿಲ್ ಖೋಲ್ಯಾಗ ಹೊರಳಿದ್ರ ಇನ್ನೊಬ್ಬನ ಮೀಸಿ ಬಾಯಾಗ ಬರತೈತಿ."

ಗುರುವಾರದ ಹೊತ್ತಿಗೆ ಚಂದ್ರಾಮ ಊಟದ ಡಬ್ಬಿ ತೆರೆಯುವುದನ್ನೇ ಮರೆಯತೊಡಗಿದ್ದ. ಕಲಿಸುವುದು ಇಷ್ಟು ರುಚಿ ಎಂದು ಅವನಿಗೆ ಈತನಕ ಗೊತ್ತಿರಲಿಲ್ಲ. ರುಚಿಯ ಅಡಿಯಲ್ಲಿ ಮಾತ್ರ ಒಂದು ಕಲ್ಲು ಹಲ್ಲಿಗೆ ಸಿಗುತ್ತಿತ್ತು. ಎರಡು ಸಲ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. "ಗದಿಗೆಪ್ಪ, ಸೋಮವಾರದ್ದೊಂದು ಮಾತು..." ಎರಡು ಸಲವೂ ಗದಿಗೆಪ್ಪ ಕೈ ಎತ್ತಿ ತಡೆದ. "ಅಳೆಯಾಂವನ ಮುಂದ ಮಾತಾಡಬಾರದ್ರಿ. ಲೆಕ್ಕಾ ತಪ್ಪತೈತಿ."

ಶುಕ್ರವಾರ ತಾಲೀಮು. ಇಬ್ಬರೇ. ಗದಿಗೆಪ್ಪ ಬಿರಡೆಯನ್ನು ತೊಯ್ಯಿಸಿ, ಹಿಚುಕಿ, ಕುಸ್ತಿಯ ಪಟ್ಟಿನಂತೆ ಬಿಗಿದ. ಬರ್ನರು ಹೊತ್ತಿತು. ಗುಳ್ಳೆಗಳು ಏಳತೊಡಗಿದವು. ಮೊದಲ ಜಾರು ತುಂಬುತ್ತಿದ್ದಂತೆ ಗದಿಗೆಪ್ಪ ಹಳೆಯ ರಾಗದಲ್ಲಿ ಹಾಡಿದ: "ಲಾಭ... ಲಾಭ... ಲಾಭ..."

"ಏನದು?"

"ಮೊದಲನೇ ಸೇರಿಗೆ ಒಂದು ಅನ್ನಬಾರದ್ರಿ. ಲಾಭ ಅನ್ನಬೇಕು. ಆಮ್ಯಾಲೆ ಎರಡು, ಮೂರು. ನಮ್ಮ ಕಡೆ ಎಲ್ಲಾರೂ ಹಂಗ ಅಳೀತಾರ."

ಚಂದ್ರಾಮ ಆ ರಾಗವನ್ನು ತನ್ನ ಗಂಟಲಿನ ಉಗ್ರಾಣಕ್ಕೆ ಸೇರಿಸಿಕೊಂಡ. ಆಮೇಲೆ ಪ್ರಯೋಗದ ಹಾಳೆ ನೋಡಿ, ಮೊದಲ ಜಾರನ್ನು ಎತ್ತಿ, ಮುಚ್ಚಳ ತೆಗೆದು, ಒಳಗಿನದನ್ನು ಹೊರಗೆ ಬಿಟ್ಟುಬಿಟ್ಟ.

"ಅಯ್ಯಯ್ಯ! ಲಾಭಾನ ಚೆಲ್ಲಿದ್ರಲ್ರಿ!"

"ಮೊದಲಿನ ಜಾರಿನಾಗ ನಳಿಗಿ ಒಳಗಿನ ಗಾಳಿ ಬರತೈತಿ, ಗದಿಗೆಪ್ಪ. ಆಮ್ಲಜನಕ ಅಲ್ಲ. ಹಾಳ್ಯಾಗ ಬರದೈತಿ ನೋಡ್ರಿ, ಮೊದಲನೇ ಜಾರು ಬಿಸಾಡಬೇಕು ಅಂತ."

ಗದಿಗೆಪ್ಪ ಆ ಖಾಲಿ ಜಾರನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ಗುಳ್ಳೆ ನಿಂತಾಗ ಮೇಜಿನ ಮೇಲೆ ನಾಲ್ಕು ಜಾರು. ತಕ್ಕಡಿ ಮಾತ್ರ ಐದು ಎಂದೇ ಹಟ ಹಿಡಿಯಿತು. ಚಂದ್ರಾಮ ಬಿರಡೆಗೆ ಸಾಬೂನಿನ ನೊರೆ ಹಚ್ಚಿ, ಊದಿ ನೋಡಿದ. ಒಂದು ಗುಳ್ಳೆ ಬರಲಿಲ್ಲ. ಬಿರಡೆ ಬಂಡೆಯಂತಿತ್ತು. ಸೋರುತ್ತಿಲ್ಲ, ಆದರೂ ಕಡಿಮೆ. ನಾಳೆ ಸಾಹೇಬರ ಎದುರು ಇದೇ ಆದರೆ ಖೋಲಿ ಹೋಯಿತು, ಕಿಟಕಿ ಹೋಯಿತು, ಮಲ್ಲಕ್ಕನ ರೈಲೂ ಹೋಯಿತು. ಲೋಕಲಿನಲ್ಲಿ ಮನೆಗೆ ಹೋಗುವಾಗ ಚಂದ್ರಾಮ ಯಾರ ದನಿಯನ್ನೂ ಅನುಕರಿಸಲಿಲ್ಲ. ಅವನ ಖಾಸಾ ದನಿಯೇ ಅವನಿಗೆ ಸಿಗಲೊಲ್ಲದು.

ಶನಿವಾರ ಬೆಳಗ್ಗೆ ಹತ್ತಕ್ಕೆ ಬಾಟ್ಲಿವಾಲಾ ಬಂದು ಎದೆಯ ಮೇಲೆ ಕೈಕಟ್ಟಿ ನಿಂತರು. ಇಪ್ಪತ್ತು ಹುಡುಗರು ಸುತ್ತ ನೆರೆದರು. ನಳಿಗೆ ತೂಗಿ ಆಯಿತು. ಬರ್ನರು ಹೊತ್ತಿತು. ಪ್ರಯೋಗಶಾಲೆಯ ನಿಶ್ಶಬ್ದದಲ್ಲಿ ಬಾಗಲಕೋಟೆಯ ಪೇಟೆ ಎದ್ದು ನಿಂತಿತು.

"ಲಾಭ... ಲಾಭ... ಲಾಭ..." ಮೊದಲ ಜಾರನ್ನು ಮುಚ್ಚಿ ಗದಿಗೆಪ್ಪ ಒಂದು ಪಕ್ಕಕ್ಕೆ, ದೇವರ ಮುಂದೆ ಇಟ್ಟಂತೆ ಇಟ್ಟ. "ಎರಡು, ಎರಡು, ಎರಡು... ಮೂರು, ಮೂರು..." ಐದನೆಯದು ತುಂಬಿದ್ದೇ ಗುಳ್ಳೆ ನಿಂತಿತು. ನಳಿಗೆ ತಣ್ಣಗಾದ ಮೇಲೆ ತೂಗಿದರು. ಒಂದು ದಶಮಾಂಶ ಆರು ಗ್ರಾಂ ಕಡಿಮೆ. ನೂರು ಜಾರಿಗೆ ಮೂವತ್ತೆರಡು ಗ್ರಾಂ, ಅಂದರೆ ಇದು ಐದು ಜಾರಿನ ಮಾಲು.

ಬಾಟ್ಲಿವಾಲಾ ಬಿರಡೆ ಕಿತ್ತಂತೆ ಕೆಮ್ಮಿ, ಪಕ್ಕಕ್ಕಿಟ್ಟ ಜಾರಿನ ಮುಚ್ಚಳ ಸರಿಸಿ ಅದನ್ನು ಮಗುಚಿದರು. "ಪೆಹಲಾ ವಾಲಾ ಫೇಕ್ನೇ ಕಾ. ಶೀಟ್ ಮೇ ಲಿಖಾ ಹೈ. ಅಬ್ ಗಿನ್, ಗಡ್ಬಡಪ್ಪಾ! ಕಿತ್ನಾ?"

"ಪಾಂಚ್, ಸಾಬ್."

"ಚಾರ್ ಹೈ! ಪಾಂಚ್ವಾ ಕಿಧರ್?"

"ಆಪ್‌ನೇ ಫೇಕಾ, ಸಾಬ್. ಫೇಕಾ ತೋ ಭೀ ಗಿನ್ನಾ ಪಡತಾ."

ಬಿಸಾಡಿದ್ದನ್ನೂ ಎಣಿಸಲೇಬೇಕು ಎಂಬ ಮಾತಿಗೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಗದಿಗೆಪ್ಪನ ಹಿಂದಿ ಅಲ್ಲಿಗೆ ಮುಗಿದಿತ್ತು. ಅವನು ಚಂದ್ರಾಮನ ಕಡೆ ತಿರುಗಿ, "ಮಾಸ್ತರ, ನಾ ಹೇಳತೀನಿ, ನೀವು ಸಾಹೇಬರಿಗೆ ತಿಳಸ್ರಿ" ಎಂದ.

"ನಮ್ಮ ಅಡತಿ ಅಂಗಡಿಗೆ ಒಬ್ಬ ಹೊಸಾ ಗುಮಾಸ್ತ ಬಂದಿದ್ದ. ನಾ ಲಾಭ ಅಂದ್ರ ದೇವರ ಹೆಸರು ಅಂತ ತಿಳದು ಕೈಮುಗೀತಿದ್ದ, ಗೀಟು ಹಾಕತಿರಲಿಲ್ಲ. ಎರಡು ಅಂದಾಗ ಮೊದಲನೇ ಗೀಟು. ದಿನಾ ಚೀಲಕ್ಕ ಒಂದು ಸೇರು ಕಡಿಮಿ. ಎಂಟು ದಿನ ಹಮಾಲರಿಗೆ ಕಳ್ಳರು ಅಂತ ಬೈದ. ಜ್ವಾಳ ಎಲ್ಲೂ ಹೋಗಿರಲಿಲ್ಲ, ಹೋಗಿದ್ದು ಗೀಟು."

ಚಂದ್ರಾಮ ಅನುವಾದಿಸಿದ. ಬಾಟ್ಲಿವಾಲಾ ಹುಬ್ಬು ಗಂಟಿಕ್ಕಿದರು. ಪೆಹಲಾ ಜಾರಿನಲ್ಲಿ ಇದ್ದದ್ದು ಆಕ್ಸಿಜನ್ ಅಲ್ಲ, ಗಾಳಿ. ಅದನ್ನು ಯಾಕೆ ಎಣಿಸಬೇಕು?

"ಗಾಳೀನ, ಯಾರು ಅಲ್ಲ ಅಂತಾರ? ಆ ಗಾಳೀನ ಹೊರಗ ದಬ್ಬಿದಾಂವ ಯಾರು? ಮಾಸ್ತರ, ಇದ ಘಾಟ್ಕೋಪರ್ ಸ್ಟೇಷನ್ನಿನಾಗ ತುಂಬಿದ ಲೋಕಲ್ ಬರತೈತಿ. ಹತ್ತು ಮಂದಿ ಒಳಗ ನುಗ್ಗಿದ್ರ, ಬಾಗಿಲದಾಗ ನಿಂತ ಹತ್ತು ಮಂದಿ ಹೊರಗ ಬೀಳತಾರ. ಬಿದ್ದವರು ಬ್ಯಾರೆ, ಹತ್ತಿದವರು ಬ್ಯಾರೆ. ಆದ್ರ ಬಿದ್ದವರನ್ನ ಎಣಿಸಿದ್ರ ಹತ್ತಿದವರ ಲೆಕ್ಕಾ ಸಿಗತೈತಿ. ನೀವ ಹೇಳಿಕೊಟ್ಟೀರಲ್ಲ, ಯಾವ ಗ್ಯಾಸಾದರೂ ಜಾರಿಗೆ ಕಣಾ ಅಷ್ಟ ಅಂತ. ಒಂದು ಜಾರು ಗಾಳಿ ಹೊರಗ ಬಂತಂದ್ರ, ಅಷ್ಟ ಕಣಾ ಆಮ್ಲಜನಕ ನಳಿಗ್ಯಾಗ ಹೋಗಿ ಕುಂತಾವು. ಇನ್ನೂ ಅಲ್ಲೇ ಅದಾವು, ನೋಡಬೇಕಾದ್ರ ನೋಡ್ರಿ."

ಚಂದ್ರಾಮ ಲೋಕಲಿನ ತನಕ ಅನುವಾದಿಸಿ, ಹತ್ತಿದವರ ಲೆಕ್ಕದ ಹತ್ತಿರ ಬಂದು ನಿಂತುಬಿಟ್ಟ. ಅವನ ಕಿವಿ ಕೆಂಪಾದವು. ಮೊದಲ ಜಾರು ಬಿಸಾಡಬೇಕು ಎಂಬ ಸಾಲು ಶುದ್ಧ ಆಮ್ಲಜನಕ ತಯಾರಿಸುವ ಪ್ರಯೋಗದ ಸಾಲು. ಅಲ್ಲಿ ಅದು ಸರಿ. ಎಣಿಸುವ ಪ್ರಯೋಗಕ್ಕೆ ಹೊಸ ಹಾಳೆ ಬರೆಯುವ ಸೋಮಾರಿತನಕ್ಕೆ, ಹಳೆಯ ಹಾಳೆಯ ಅರ್ಧವನ್ನು ಹೊಸದಕ್ಕೆ ಅಂಟಿಸಿ ಸೈಕ್ಲೋಸ್ಟೈಲ್ ಮಾಡಿಸಿದವನು ಒಬ್ಬನಿದ್ದ. ಬಿ.ಎಸ್ಸಿ., ಡೆಮಾನ್‌ಸ್ಟ್ರೇಟರ್, ಗಂಟಲಿಗೆ ಹೆಸರಾದವನು.

ಉಳಿದದ್ದನ್ನು ತಾವೇ ಊಹಿಸಿದ ಬಾಟ್ಲಿವಾಲಾ ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಬರೆದರು, ಅಳಿಸಿದರು, ಮತ್ತೆ ಬರೆದರು. ಐದು ಜಾರು, ಮೂರರ ಮುಂದೆ ಇಪ್ಪತ್ತೆರಡು ಸೊನ್ನೆ. ತಕ್ಕಡಿಯ ಲೆಕ್ಕ, ಮೂರರ ಮುಂದೆ ಇಪ್ಪತ್ತೆರಡು ಸೊನ್ನೆ. ಸುಣ್ಣ ಕೆಳಗಿಟ್ಟು ಹಾಳೆ ಎತ್ತಿಕೊಂಡರು.

"ಯೇ ಶೀಟ್ ಕಿಸ್ನೇ ಬನಾಯಾ?"

ಚಂದ್ರಾಮ ಕೈ ಎತ್ತಿದ.

"ಔರ್ ಸಹೀ ಕಿಸ್ಕಾ ಹೈ?" ಎಂದು ತಾವೇ ಕೇಳಿಕೊಂಡು, ಹಾಳೆಯ ಅಡಿಯಲ್ಲಿದ್ದ ತಮ್ಮದೇ ರುಜುವನ್ನು ಕನ್ನಡಕ ಏರಿಸಿ ನೋಡಿದರು. ಆಮೇಲೆ ಗದಿಗೆಪ್ಪನ ಎರಡೂ ಭುಜ ಹಿಡಿದು, ಮಗನೇ ಎಂದು ಅಲುಗಿಸಿದರು. "ಗಡ್ಬಡಪ್ಪಾ, ಡೀಕ್ರಾ! ಗಡ್ಬಡ್ ಮೇರಾ, ತೇರಾ ನಹೀ. ಪರ್ಮನೆಂಟ್! ಖೋಲೀ ಕಾ ಚಾವೀ ಆಜ್ ಲೇಕೇ ಜಾ!"

ಹುಡುಗರು ಮೇಜು ಬಡಿದರು. ಗದಿಗೆಪ್ಪ ತಲೆಯ ಮೇಲಿನ ಟೋಪಿ ನೆಟ್ಟಗೆ ಮಾಡಿಕೊಂಡು, ಖಾಲಿಯಾದ ಲಾಭದ ಜಾರನ್ನು ಎತ್ತಿ ಧೋತರದ ಅಂಚಿನಿಂದ ಒರೆಸಿದ. ಚಂದ್ರಾಮನಿಗೆ ಇನ್ನು ತಡೆಯಲಾಗಲಿಲ್ಲ.

"ಗದಿಗೆಪ್ಪ, ಮಾಫ್ ಮಾಡ್ರಿ. ಸೋಮವಾರ ಗ್ವಾಡಿ ಹಿಂದಿನಿಂದ ಕೂಗಿದಾಂವ ನಾ. ಸಾಹೇಬರು ಕಾಲೇಜಿನಾಗ ಇರಲಿಲ್ಲ."

ಗದಿಗೆಪ್ಪ ಜಾರು ಒರೆಸುತ್ತಲೇ ಇದ್ದ. "ಗೊತ್ತೈತ್ರಿ."

"ಗೊತ್ತೈತಿ? ಯಾವಾಗಿಂದ?"

"ಸೋಮವಾರದಿಂದ. ಕೆಮ್ಮು ಅವರದ ಇತ್ತು, ದನೀನೂ ಅವರದ. ಆದ್ರ ಹೆಸರು ನಮ್ಮೂರಿಂದ ಬಂತು. ಎರಡು ವರ್ಷದಾಗ ಸಾಹೇಬರು ನನ್ನ ಗದಿಗೆಪ್ಪ ಅಂದಿದ್ದ ಇಲ್ಲ. ಅಷ್ಟು ಚೆಂದ ಕರದ್ರ ಸಂಶೇ ಬರೂದಿಲ್ಲೇನ್ರಿ?"

ಚಂದ್ರಾಮ ಹಣೆ ಚಚ್ಚಿಕೊಂಡ. ನಿಜ. ಎಷ್ಟು ಸಲ ಸಾಹೇಬರ ದನಿ ತೆಗೆದರೂ ಆ ಒಂದು ಹೆಸರನ್ನು ಮುರಿಯಲು ಅವನ ನಾಲಿಗೆ ಒಪ್ಪುತ್ತಿರಲಿಲ್ಲ. ಅವನ ಅಜ್ಜನ ಹೆಸರೂ ಗದಿಗೆಪ್ಪನೇ.

"ಮತ್ತ ಇಷ್ಟು ದಿನ ಯಾಕ ಸುಮ್ಮಕಿದ್ರಿ?"

"ಎರಡು ವರ್ಷ ಬೈಸಿಕೊಂಡೀನಿ, ಇವರು ಎಣಸೂದರ ಏನು ಅಂತ ತಿಳೀಬೇಕಿತ್ತು. ಸುಮ್ಮ ಕೇಳಿದ್ರ ಅಟೆಂಡರಗ ಯಾರು ಕಲಸ್ತಾರ? ತಪ್ಪು ಮಾಡಿದ ಮಾಸ್ತರ ಆದ್ರ ಊಟಾ ಬಿಟ್ಟು ಕಲಸ್ತಾನ." ಗದಿಗೆಪ್ಪ ಜಾರು ಕೆಳಗಿಟ್ಟ. ಮೀಸೆಯ ಕೆಳಗೆ ಏನೋ ಅಲುಗಿತು. "ಅದಕ್ಕ ಟೋಪಿ ಕೈಯಾಗ ಹಿಡ್ಕೊಂಡು ಬಂದಿದ್ದು. ಸಾಹೇಬರ ಮುಂದ ಸುದ್ದಾ ನಾ ಟೋಪಿ ತಗದಾಂವಲ್ಲ."

ಹೇಳಿ, ಎದೆಯ ಮೇಲೆ ಕೈಕಟ್ಟಿ, ಬಿರಡೆ ಕಿತ್ತಂತೆ ಒಮ್ಮೆ ಕೆಮ್ಮಿದ. ಆಮೇಲೆ ಚಂದ್ರಾಮನು ಬಾಟ್ಲಿವಾಲಾ ಅವರ ದನಿ ತೆಗೆದಾಗ ಕೊರಳು ಹೇಗೆ ಉಬ್ಬುತ್ತದೆ, ಕಣ್ಣು ಹೇಗೆ ಕಳ್ಳಬೆಕ್ಕಿನಂತೆ ಅತ್ತಿತ್ತ ಹರಿಯುತ್ತದೆ, ಕರ್ಚೀಫು ಹೇಗೆ ಬಾಯಿಗೆ ಹೋಗುತ್ತದೆ, ಅಷ್ಟನ್ನೂ ಸೋಮವಾರ ಪ್ಲೈವುಡ್ ಗೋಡೆಯ ಬಿರುಕಿನಿಂದ ನೋಡಿದ್ದನ್ನು ನೋಡಿದಂತೆ ಆಡಿ ತೋರಿಸಿದ. "ಏಕ್ ಏಕ್ ಗಿನ್ ಕೇ!"

ಮೊದಲು ಹುಡುಗರು ನಕ್ಕರು. ತಮ್ಮ ಕೆಮ್ಮನ್ನು ಎರಡನೆಯ ಕೈಯಿಂದ ಕೇಳಿದ ಬಾಟ್ಲಿವಾಲಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಗದಿಗೆಪ್ಪ ಜಾರುಗಳು ಕಿಣಿಗುಟ್ಟುವಂತೆ ನಕ್ಕ. ಆದರೆ ನೀರಿನ ತೊಟ್ಟಿಯ ಅಂಚು ಹಿಡಿದು, ಹೊಟ್ಟೆ ಹಿಡಿದು, ಕೊನೆಗೆ ಹಿಡಿಯಲು ಏನೂ ಸಿಗದೆ ನೆಲದ ಮೇಲೆ ಕೂತು, ಎಲ್ಲರಿಗಿಂತ ಜೋರಾಗಿ ನಕ್ಕವನು ಸೋಮವಾರದಿಂದ ಶನಿವಾರದ ತನಕ ಮಂಗನಾದ ಚಂದ್ರಾಮ. ಆ ನಗೆಯನ್ನು ಅವನು ಯಾರಿಂದಲೂ ಕದ್ದಿರಲಿಲ್ಲ.